ಎಲ್ಲಿ ನಿಲ್ಲಬೇಕು? ಡೀಸೆಲ್ ಎಂಜಿನ್ನಿನ ಶಕ್ತಿ ಹೆಚ್ಚಿಸಿದ ಕಥೆ



ಗದಗ ಜಿಲ್ಲೆಯ ಲಕ್ಷ್ಮೇಶ್ವರದ ಸೀಮೆಯಲ್ಲಿ ಬಾಳೆಹೊಸೂರ ಎಂಬ ಊರಿದೆ. ಕೆಲವು ವರ್ಷಗಳ ಹಿಂದೆ, ಮೇ ತಿಂಗಳ ಬಿರುಬಿಸಿಲಿನಲ್ಲಿ, ಕಾರ್ಯಕ್ರಮವೊಂದರ ಚಿತ್ರೀಕರಣಕ್ಕಾಗಿ ನಮ್ಮ ತಂಡ ಆ ಕಡೆ ಹೋಗಿತ್ತು. ಕ್ಯಾಮೆರಾ, ದೀಪಗಳು, ಬ್ಯಾಟರಿ ಪೆಟ್ಟಿಗೆಗಳು, ಐದು ಜನ, ಇಷ್ಟನ್ನೂ ಹೊತ್ತದ್ದು ಬಾಡಿಗೆಗೆ ಪಡೆದ ಒಂದು ಟರ್ಬೋ ಡೀಸೆಲ್ ಕಾರು. ಅದರ ಚಾಲಕನೇ ಅದರ ಮಾಲೀಕ. ಹೊರಟ ಹತ್ತು ನಿಮಿಷದಲ್ಲೇ ಆತ ಹೆಮ್ಮೆಯಿಂದ ಹೇಳಿದ: “ಸರ, ಇದು ಕಂಪನಿಯಿಂದ ಬಂದಂಗ ಇಲ್ರಿ. ಮ್ಯಾಪ್ ಮಾಡಿಸೇನ್ರಿ. ಹೆಂಗ ಓಡತೈತಿ ನೋಡ್ರಿ.”

ನಿಜವಾಗಿಯೂ ಕಾರು ಚೆನ್ನಾಗಿ ಓಡುತ್ತಿತ್ತು. ಆದರೆ ಮಧ್ಯಾಹ್ನ ಬಾಳೆಹೊಸೂರಿನಿಂದ ಹಿಂದಿರುಗುವಾಗ ಮುಂಭಾಗದಿಂದ ಸಿಳ್ಳೆಯಂಥ ಸದ್ದು ಕೇಳಿಸಿತು. ಹಿಂದೆ ನೀಲಿ ಹೊಗೆ ಎದ್ದಿತು, ಶಕ್ತಿ ಕುಸಿಯಿತು. ಲಕ್ಷ್ಮೇಶ್ವರದಿಂದ ಬಂದ ಹಿರಿಯ ಮೆಕ್ಯಾನಿಕ್ ಒಬ್ಬರು ಕೊಳವೆಯನ್ನು ಬಿಚ್ಚಿ ಟರ್ಬೋದ ಚಿಕ್ಕ ಗಾಲಿಯನ್ನು ಬೆರಳಿನಿಂದ ಅಲುಗಾಡಿಸಿದರು. ಅಲುಗಬಾರದ ಗಾಲಿ ಅಲುಗುತ್ತಿತ್ತು. ಬೇರಿಂಗ್ ಹೋಗಿತ್ತು. ಕೈ ಒರೆಸಿಕೊಳ್ಳುತ್ತ ಅವರು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು: “ಇಂಜಿನ್ನಿಗೆ ಎಣ್ಣಿ ಜಾಸ್ತಿ ಕುಡಸೋದು ಯಾರಿಗಾದ್ರೂ ಬರತೈತ್ರಿ ಸಾಹೇಬ್ರ. ಎಲ್ಲಿ ನಿಂದ್ರಬೇಕು ಅನ್ನೋದು ಗೊತ್ತಿರಬೇಕ್ರಿ.”

ಎಲ್ಲಿ ನಿಲ್ಲಬೇಕು ಎಂಬ ಈ ಪ್ರಶ್ನೆಗೆ ಡೀಸೆಲ್ ಎಂಜಿನ್ನಿನಷ್ಟೇ ವಯಸ್ಸಾಗಿದೆ. ಪರದೆಯ ಮೇಲೆ ಅರ್ಧ ಗಂಟೆಯಲ್ಲಿ ಹೇಳಲಾಗದ ಆ ಚರಿತ್ರೆಯನ್ನು, ಸ್ವಲ್ಪ ಲೆಕ್ಕದ ಸಮೇತ, ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಗಾಳಿ ಮತ್ತು ಎಣ್ಣೆಯ ಲೆಕ್ಕ

1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ನನ್ನು ಯಶಸ್ವಿಯಾಗಿ ನಡೆಸಿ ತೋರಿಸಿದ. ಅದರ ಶಕ್ತಿ 20 ಅಶ್ವಶಕ್ತಿಗಿಂತ ತುಸು ಕಡಿಮೆ. ಆದರೆ ಇಂಧನದಲ್ಲಿದ್ದ ಉಷ್ಣದ ಶೇಕಡ 26ರಷ್ಟನ್ನು ಅದು ಕೆಲಸವಾಗಿ ಪರಿವರ್ತಿಸಿತು. ಆ ಕಾಲದ ಉಗಿಯಂತ್ರಗಳಿಗೆ ಇದು ಎಟುಕದ ಅಂಕಿಯಾಗಿತ್ತು.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲವೆಂಬುದು ನಿಮಗೆ ಗೊತ್ತು. ಸಿಲಿಂಡರಿನೊಳಗೆ ಬರೀ ಗಾಳಿಯನ್ನು ಎಳೆದುಕೊಂಡು, ಅದನ್ನು ಹದಿನಾರು, ಹದಿನೆಂಟು ಪಟ್ಟು ಕಿರಿದಾಗುವಂತೆ ಒತ್ತಲಾಗುತ್ತದೆ. ಒತ್ತಿದ ಗಾಳಿ 500 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯುತ್ತದೆ. ಆಗ ಸಿಂಪಡಿಸಿದ ಎಣ್ಣೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಗಮನಿಸಿ. ಪೆಟ್ರೋಲ್ ಎಂಜಿನ್ನಿನಲ್ಲಿ ವೇಗವರ್ಧಕವನ್ನು ಒತ್ತಿದಾಗ ಒಳಗೆ ಹೋಗುವ ಗಾಳಿ ಹೆಚ್ಚುತ್ತದೆ, ಅದಕ್ಕೆ ತಕ್ಕಂತೆ ಇಂಧನ ಹೆಚ್ಚುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಶಕ್ತಿಯನ್ನು ನಿರ್ಧರಿಸುವುದು ಸಿಂಪಡಿಸುವ ಎಣ್ಣೆಯ ಪ್ರಮಾಣ. ಎಣ್ಣೆ ಹೆಚ್ಚಿಸಿದರೆ ಶಕ್ತಿ ಹೆಚ್ಚುತ್ತದೆ. ಗಾಳಿ ಸಾಲುವವರೆಗೆ ಮಾತ್ರ.

ಒಂದು ಸರಳ ಲೆಕ್ಕ ಮಾಡೋಣ. ಒಂದು ಗ್ರಾಂ ಡೀಸೆಲ್ ಪೂರ್ತಿ ಉರಿಯಲು ಸುಮಾರು 14.5 ಗ್ರಾಂ ಗಾಳಿ ಬೇಕು. ಆದರೆ ಡೀಸೆಲ್ ಹನಿಗಳು ಗಾಳಿಯೊಡನೆ ಬೆರೆಯಲು ಸಿಗುವ ಸಮಯ ಅತ್ಯಲ್ಪ. ಆದ್ದರಿಂದ ಪೂರ್ಣ ಹೊರೆಯಲ್ಲೂ ಒಂದು ಪಾಲು ಎಣ್ಣೆಗೆ 18ರಿಂದ 20 ಪಾಲು ಗಾಳಿ ಇರುವಂತೆ ನೋಡಿಕೊಳ್ಳುತ್ತಾರೆ. ಸಿಲಿಂಡರಿನಲ್ಲಿ ಒಂದು ಗ್ರಾಂ ಗಾಳಿ ಇದೆಯೆಂದುಕೊಳ್ಳಿ. 50 ಮಿಲಿಗ್ರಾಂ ಎಣ್ಣೆ ಸಿಂಪಡಿಸಿದರೆ ಪ್ರಮಾಣ 20ಕ್ಕೆ 1. ಗಾಳಿ ಅಷ್ಟೇ ಇದ್ದು ಎಣ್ಣೆಯನ್ನು ಮಾತ್ರ ಶೇಕಡ 20ರಷ್ಟು ಹೆಚ್ಚಿಸಿ 60 ಮಿಲಿಗ್ರಾಂ ಮಾಡಿದರೆ ಪ್ರಮಾಣ 16.7ಕ್ಕೆ ಇಳಿಯುತ್ತದೆ. ಎಣ್ಣೆಯ ಒಂದಂಶ ಪೂರ್ತಿ ಉರಿಯದೆ ಮಸಿಯಾಗುತ್ತದೆ. ಲಾರಿಯ ಹಿಂದೆ ಕಾಣುವ ಕಪ್ಪು ಹೊಗೆ ಇದೇ. ಹೊಗೆಗಿಂತ ಕಾಣದ ಅಪಾಯ ದೊಡ್ಡದು: ನಿಷ್ಕಾಸ ಅನಿಲದ ತಾಪ ಏರುತ್ತದೆ. ಸಿಲಿಂಡರಿನ ಜ್ವಾಲೆ 2000 ಡಿಗ್ರಿಗೂ ಹೆಚ್ಚು. ಪಿಸ್ಟನ್ನಿನ ಅಲ್ಯೂಮಿನಿಯಂ ಮಿಶ್ರಲೋಹವಾದರೋ 600 ಡಿಗ್ರಿ ಆಗುವ ಮುನ್ನವೇ ಮೆತ್ತಗಾಗಿ ಕರಗತೊಡಗುತ್ತದೆ. ಎಣ್ಣೆ ಮತ್ತು ನೀರಿನ ತಂಪು ಇರುವುದರಿಂದಲೇ ಅದು ಬದುಕಿರುತ್ತದೆ.

ಹೊಗೆಯ ಬೆನ್ನೇರಿದ ಗಾಲಿ

ಹಾಗಾದರೆ ಗಾಳಿಯನ್ನೇ ಹೆಚ್ಚು ತುಂಬಿದರೆ? ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್‌ಫ್ರೆಡ್ ಬ್ಯೂಖಿ ಕೇಳಿದ್ದು ಇದನ್ನೇ. ಹೊರಹೋಗುವ ಬಿಸಿ ಅನಿಲದಲ್ಲಿ ಇನ್ನೂ ಶಕ್ತಿ ಉಳಿದಿರುತ್ತದೆ. ಆ ಅನಿಲದಿಂದ ಒಂದು ಗಾಲಿಯನ್ನು ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ತುದಿಯ ಗಾಲಿಯಿಂದ ಸಿಲಿಂಡರಿಗೆ ಗಾಳಿ ತುಂಬಿಸುವ ಉಪಾಯಕ್ಕೆ ಆತ 1905ರಲ್ಲಿ ಪೇಟೆಂಟ್ ಪಡೆದ. ನಾವು ಇಂದು ಟರ್ಬೋ ಎನ್ನುವುದು ಇದನ್ನೇ. ಆ ಉಪಾಯ ಕೈಗೂಡಲು ಸುಮಾರು ಇಪ್ಪತ್ತು ವರ್ಷ ಬೇಕಾಯಿತು. 1920ರ ದಶಕದಲ್ಲಿ ಎರಡು ಜರ್ಮನ್ ಪ್ರಯಾಣಿಕ ಹಡಗುಗಳ ಡೀಸೆಲ್ ಎಂಜಿನ್ನುಗಳು ಟರ್ಬೋದ ನೆರವಿನಿಂದ 1750 ಅಶ್ವಶಕ್ತಿಯಿಂದ 2500 ಅಶ್ವಶಕ್ತಿಗೆ ಏರಿದವು.

ಇಂದಿನ ಕಾರಿನ ಟರ್ಬೋ ಗಾಲಿ ನಿಮ್ಮ ಅಂಗೈಯೊಳಗೆ ಅಡಗುತ್ತದೆ. ಆದರೆ ಪೂರ್ಣ ಹೊರೆಯಲ್ಲಿ ಅದು ನಿಮಿಷಕ್ಕೆ ಎರಡು ಲಕ್ಷ ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಅದರ ಅಚ್ಚು ಎಣ್ಣೆಯ ತೆಳುಪೊರೆಯ ಮೇಲೆ ತೇಲುತ್ತಿರುತ್ತದೆ. ಎಣ್ಣೆ ಹಳತಾದರೆ, ಇಲ್ಲವೇ ಗಾಲಿ ತನ್ನ ಮಿತಿ ಮೀರಿ ತಿರುಗಿದರೆ, ಮೊದಲು ಸೋಲುವುದು ಆ ಬೇರಿಂಗ್.

ಸೀಸದ ಮೊಹರು

ಇನ್ನು ಕರ್ನಾಟಕಕ್ಕೆ ಬರೋಣ. ಡೀಸೆಲ್ ಎಂಜಿನ್ನಿನ ಪ್ರಾಣ ಅದರ ಇಂಧನ ಪಂಪಿನಲ್ಲಿದೆ. ಜರ್ಮನಿಯ ಬಾಷ್ ಕಂಪನಿ ಈ ಪಂಪನ್ನು 1927ರಲ್ಲಿ ಹೆಚ್ಚು ಸಂಖ್ಯೆಯಲ್ಲಿ ತಯಾರಿಸತೊಡಗಿತು. 1951ರಲ್ಲಿ ಬೆಂಗಳೂರಿನಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಸ್ಥಾಪನೆಯಾಯಿತು. ಜನರ ಬಾಯಲ್ಲಿ ಅದು ‘ಮೈಕೋ’. ಆಡುಗೋಡಿಯ ಕಾರ್ಖಾನೆಯಲ್ಲಿ ತಯಾರಾದ ಪಂಪುಗಳು ದೇಶದ ಲಾರಿ, ಬಸ್ಸು, ಟ್ರ್ಯಾಕ್ಟರುಗಳಲ್ಲಿ ಓಡಿದವು. 2008ರಲ್ಲಿ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಎಂದು ಬದಲಾಯಿತು. ಆದರೆ ಬೆಂಗಳೂರಿನ ಮೈಕೋ ಲೇಔಟ್ ಎಂಬ ಬಡಾವಣೆಯಲ್ಲಿ ಹಳೆಯ ಹೆಸರು ಉಳಿದುಕೊಂಡಿದೆ.

ಈ ಪಂಪಿನಲ್ಲಿ ಗರಿಷ್ಠ ಎಷ್ಟು ಎಣ್ಣೆ ಹೋಗಬೇಕೆಂದು ನಿಗದಿಪಡಿಸುವ ಒಂದು ಸ್ಕ್ರೂ ಇರುತ್ತಿತ್ತು. ಪರೀಕ್ಷಾ ಯಂತ್ರದ ಮೇಲೆ ಪಂಪನ್ನು ತಿರುಗಿಸಿ, ಪ್ರತಿ ಸಿಲಿಂಡರಿಗೂ ಹೋಗುವ ಎಣ್ಣೆಯನ್ನು ಸಾಲಾಗಿ ನಿಲ್ಲಿಸಿದ ಗಾಜಿನ ಅಳತೆಯ ಕೊಳವೆಗಳಲ್ಲಿ ಹಿಡಿದು, ಎಲ್ಲವೂ ಸಮವಾಗಿದೆಯೆಂದು ಖಚಿತವಾದ ಮೇಲೆ ಸ್ಕ್ರೂವಿಗೆ ತಂತಿ ಕಟ್ಟಿ ಸೀಸದ ಮೊಹರು ಒತ್ತುತ್ತಿದ್ದರು. ಯಾರಾದರೂ ಸ್ಕ್ರೂ ತಿರುಗಿಸಿದರೆ ಮೊಹರು ಮುರಿದಿರುತ್ತಿತ್ತು. ನೋಡಿದವರಿಗೆ ಅಲ್ಲೇ ಗೊತ್ತಾಗುತ್ತಿತ್ತು. ಆದರೂ ಘಟ್ಟ ಹತ್ತುವಾಗ ಜಗ್ಗಲಿ ಎಂದು ಮೊಹರು ಮುರಿಸಿದ ಲಾರಿ ಮಾಲೀಕರಿಗೆ ಕೊರತೆಯಿರಲಿಲ್ಲ. ಇಂದಿನ ‘ಮ್ಯಾಪಿಂಗ್’ ಆ ಸ್ಕ್ರೂವಿನ ಮೊಮ್ಮಗ.

ಒಂದು ರೈಲು ಎಂಜಿನ್ನಿನ ಪಾಠ

ಅದೇ ಎಂಜಿನ್ನಿನಿಂದ ಹೆಚ್ಚು ಶಕ್ತಿ ಪಡೆದೂ ಅದನ್ನು ಕೆಡಿಸದೆ ಉಳಿಸಿಕೊಂಡ ಉದಾಹರಣೆ ನಮ್ಮ ದೇಶದಲ್ಲಿ ಇದೆಯೇ? ಇದೆ. ಅದನ್ನು ಕಾರಿನಲ್ಲಿ ಹುಡುಕುವ ಮುನ್ನ ರೈಲಿನಲ್ಲಿ ನೋಡಬೇಕು.

1962ರಲ್ಲಿ ಅಮೆರಿಕದ ಆಲ್ಕೋ ಕಂಪನಿಯಿಂದ ಡಬ್ಲ್ಯುಡಿಎಂ-2 ಎಂಬ ಡೀಸೆಲ್ ಲೋಕೋಮೋಟಿವ್‌ಗಳು ಭಾರತಕ್ಕೆ ಬಂದವು. 1964ರ ಜನವರಿಯಲ್ಲಿ ವಾರಾಣಸಿಯ ಕಾರ್ಖಾನೆಯಿಂದ ಇಲ್ಲಿಯೇ ನಿರ್ಮಿಸಿದ ಲೋಕೋ ಹೊರಬಂತು. ಹದಿನಾರು ಸಿಲಿಂಡರು, ಟರ್ಬೋ, 2600 ಅಶ್ವಶಕ್ತಿ. ದಶಕಗಳ ಕಾಲ ದೇಶದ ರೈಲುಗಳನ್ನು ಎಳೆದದ್ದು ಇದೇ. ಆ ಕುಟುಂಬದ ಲೋಕೋಗಳು ಬೆಂಗಳೂರಿನ ಕೃಷ್ಣರಾಜಪುರಂ ಶೆಡ್ಡಿನಲ್ಲೂ ಇದ್ದವು. 1994ರಲ್ಲಿ ಅದೇ ಮೂಲ ಎಂಜಿನ್ನಿನಿಂದ 3100 ಅಶ್ವಶಕ್ತಿ ಪಡೆಯುವ, ಮುಂದೆ ಡಬ್ಲ್ಯುಡಿಎಂ-3ಎ ಎಂದು ಹೆಸರಾದ ಲೋಕೋ ಸಿದ್ಧವಾಯಿತು. ಲೆಕ್ಕ ಹಾಕಿ ನೋಡಿ, ಶೇಕಡ 19ರಷ್ಟು ಏರಿಕೆ. ಪಟಿಯಾಲಾದ ಕಾರ್ಖಾನೆಯಲ್ಲಿ ಹಳೆಯ ಲೋಕೋಗಳನ್ನೂ ಬಿಚ್ಚಿ ಪುನರ್ನಿರ್ಮಿಸಿ ಈ ಶಕ್ತಿಗೆ ಏರಿಸಿದರು.

ಇದನ್ನು ಸಾಧಿಸಿದ್ದು ಎಣ್ಣೆಯ ಸ್ಕ್ರೂ ತಿರುಗಿಸಿ ಅಲ್ಲ. ಎಣ್ಣೆ ಹೆಚ್ಚು ಬೇಕೆಂದು ಪಂಪಿನ ಪ್ಲಂಜರನ್ನು 15 ಮಿಲಿಮೀಟರಿನಿಂದ 17 ಮಿಲಿಮೀಟರಿಗೆ ದಪ್ಪ ಮಾಡಿದರು. ಆ ಎಣ್ಣೆಗೆ ತಕ್ಕ ಗಾಳಿ ಬೇಕೆಂದು ಹೆಚ್ಚು ದಕ್ಷತೆಯ ಟರ್ಬೋ ಹಾಕಿದರು. ಒತ್ತಿದ ಗಾಳಿ ಬಿಸಿಯಾಗಿ ಹಗುರಾಗುತ್ತದೆಂದು ಅದನ್ನು ತಂಪು ಮಾಡುವ ಕೂಲರನ್ನು ದೊಡ್ಡದು ಮಾಡಿದರು. ಕ್ಯಾಮ್ ಶಾಫ್ಟನ್ನು ಬದಲಿಸಿ ಕವಾಟಗಳು ತೆರೆಯುವ ಹೊತ್ತನ್ನು ತಿದ್ದಿದರು. ಪಿಸ್ಟನ್ನಿನ ತಲೆಗೆ ಉಕ್ಕಿನ ಟೋಪಿ ಬಂತು. ಲಖನೌದ ರೈಲ್ವೆ ಸಂಶೋಧನಾ ಸಂಸ್ಥೆಯ ಪರೀಕ್ಷಾ ಪೀಠಗಳಲ್ಲಿ ಒತ್ತಡ, ತಾಪ, ಇಂಧನದ ಖರ್ಚು ಎಲ್ಲವನ್ನೂ ಅಳೆಯುವ ವ್ಯವಸ್ಥೆಯಿತ್ತು. ಎಣ್ಣೆ, ಗಾಳಿ, ತಂಪು, ಬಲ ಈ ನಾಲ್ಕೂ ಒಟ್ಟಿಗೆ ಏರಿದವು. ಈ ಚರಿತ್ರೆಯಲ್ಲಿ ನೀವು ನೆನಪಿಡಬೇಕಾದ ಸಂಗತಿ ಇದೇ.

ಸ್ಕ್ರೂ ಹೋಗಿ ನಕ್ಷೆ ಬಂತು

ಕಾರುಗಳ ಕಡೆ ತಿರುಗೋಣ. 1978ರಲ್ಲಿ ಮರ್ಸಿಡಿಸ್ ಕಂಪನಿ ಟರ್ಬೋ ಡೀಸೆಲ್ ಕಾರನ್ನು ಮಾರುಕಟ್ಟೆಗೆ ತಂದಿತು. 1997ರಲ್ಲಿ ಇಟಲಿಯ ಆಲ್ಫಾ ರೋಮಿಯೋ 156 ಕಾರಿನಲ್ಲಿ ‘ಕಾಮನ್ ರೈಲ್’ ಪದ್ಧತಿ ಬಂತು. ಇದರಲ್ಲಿ ಪಂಪಿನ ಕೆಲಸ ಎಣ್ಣೆಯನ್ನು ಒಂದು ದಪ್ಪ ಕೊಳವೆಯಲ್ಲಿ ಸಾವಿರಕ್ಕೂ ಮಿಗಿಲಾದ ವಾತಾವರಣಗಳ ಒತ್ತಡದಲ್ಲಿ ಹಿಡಿದಿಡುವುದಷ್ಟೇ. ಎಷ್ಟು, ಯಾವಾಗ, ಎಷ್ಟು ಬಾರಿ ಸಿಂಪಡಿಸಬೇಕೆಂದು ಹೇಳುವುದು ಪುಟ್ಟ ಗಣಕಯಂತ್ರ.

ಆ ಗಣಕ ನಿರ್ಧರಿಸುವುದು ಹೇಗೆ? ನಿಮ್ಮ ಗಣಿತದ ಲಾಗರಿದಂ ಕೋಷ್ಟಕವನ್ನು ನೆನಪಿಸಿಕೊಳ್ಳಿ. ಅಡ್ಡಸಾಲಿನಲ್ಲಿ ಎಂಜಿನ್ನಿನ ವೇಗ, ಉದ್ದಸಾಲಿನಲ್ಲಿ ಚಾಲಕ ಕೇಳುತ್ತಿರುವ ಬಲ, ಎರಡೂ ಕೂಡುವ ಮನೆಯಲ್ಲಿ ಸಿಂಪಡಿಸಬೇಕಾದ ಎಣ್ಣೆಯ ಮಿಲಿಗ್ರಾಂ. ಇಂಥ ಕೋಷ್ಟಕಕ್ಕೇ ‘ಮ್ಯಾಪ್’, ಅಂದರೆ ನಕ್ಷೆ ಎಂದು ಹೆಸರು. ಟರ್ಬೋದ ಒತ್ತಡಕ್ಕೆ ಒಂದು ನಕ್ಷೆ, ಸಿಂಪಡಿಸುವ ಹೊತ್ತಿಗೆ ಒಂದು, ಎಣ್ಣೆಯ ಒತ್ತಡಕ್ಕೆ ಒಂದು. ಇವುಗಳ ಜೊತೆಗೆ ಕಾವಲು ಕಾಯುವ ನಕ್ಷೆಗಳೂ ಇರುತ್ತವೆ. ಗಾಳಿ ಇಷ್ಟೇ ಇದ್ದರೆ ಎಣ್ಣೆ ಇದಕ್ಕಿಂತ ಹೆಚ್ಚು ಬೇಡ, ತಾಪ ಇಷ್ಟಾದರೆ ಶಕ್ತಿ ಇಳಿಸು, ಗೇರ್ ಪೆಟ್ಟಿಗೆ ತಾಳುವ ಬಲ ಇಷ್ಟೇ ಎಂದು ಅವು ತಡೆಯುತ್ತವೆ. ಹಳೆಯ ಸೀಸದ ಮೊಹರಿನ ಕೆಲಸವನ್ನು ಈಗ ಇವು ಮಾಡುತ್ತವೆ.

ಈ ಬದಲಾವಣೆಯನ್ನು ನಮ್ಮ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲೇ ಕಾಣಬಹುದು. 2000ದಲ್ಲಿ ಬಂದ ಕ್ವಾಲಿಸ್ ವಾಹನದ 2.4 ಲೀಟರ್ ಡೀಸೆಲ್ ಎಂಜಿನ್ನಿಗೆ ಟರ್ಬೋ ಇರಲಿಲ್ಲ. ಶಕ್ತಿ 75 ಅಶ್ವಶಕ್ತಿ. 2005ರಲ್ಲಿ ಅದರ ಜಾಗಕ್ಕೆ ಬಂದ ಇನ್ನೋವಾದ 2.5 ಲೀಟರ್ ಎಂಜಿನ್ನಿನಲ್ಲಿ ಟರ್ಬೋ ಮತ್ತು ಕಾಮನ್ ರೈಲ್ ಎರಡೂ ಇದ್ದವು, ಶಕ್ತಿ 102. ಗಾತ್ರ ಬಹುತೇಕ ಅಷ್ಟೇ, ಶಕ್ತಿ ಮೂರನೇ ಒಂದಂಶಕ್ಕಿಂತ ಹೆಚ್ಚು.

ಇನ್ನೊಂದು ಉದಾಹರಣೆ ಇನ್ನೂ ಹೆಚ್ಚು ಕಲಿಸುತ್ತದೆ. ಫಿಯೆಟ್ ಮೂಲದ 1248 ಸಿಸಿ ಎಂಜಿನ್ನನ್ನು ಮಾರುತಿ ಕಂಪನಿ 2007ರಲ್ಲಿ ಸ್ವಿಫ್ಟ್ ಕಾರಿನಲ್ಲಿ ಬಳಸಿದಾಗ ಅದರ ಶಕ್ತಿ 75, ತಿರುಗುಬಲ 190 ನ್ಯೂಟನ್ ಮೀಟರ್. 2011ರಲ್ಲಿ ಅದೇ ಎಂಜಿನ್ ಎಸ್‌ಎಕ್ಸ್4 ಕಾರಿನಲ್ಲಿ 90 ಅಶ್ವಶಕ್ತಿ, 200 ನ್ಯೂಟನ್ ಮೀಟರ್ ಕೊಟ್ಟಿತು. ಶಕ್ತಿ ಶೇಕಡ 20 ಏರಿದೆ, ತಿರುಗುಬಲ ಶೇಕಡ 5 ಮಾತ್ರ. ಇದು ಹೇಗೆ ಸಾಧ್ಯ? ಶಕ್ತಿಯೆಂದರೆ ತಿರುಗುಬಲವನ್ನು ವೇಗದಿಂದ ಗುಣಿಸಿದ್ದು. ಎಲೆಗಳ ಕೋನವನ್ನು ಬದಲಿಸಿಕೊಳ್ಳುವ ಟರ್ಬೋ ಹಾಕಿ, ಹೆಚ್ಚಿನ ವೇಗದಲ್ಲೂ ಗಾಳಿ ಸಾಲುವಂತೆ ಮಾಡಿದ್ದರಿಂದ, ಮೊದಲು ಅಲ್ಲಿ ಕುಸಿಯುತ್ತಿದ್ದ ತಿರುಗುಬಲ ಈಗ ಕುಸಿಯದೆ ಉಳಿಯಿತು. ಕ್ಲಚ್, ಗೇರ್, ಕನೆಕ್ಟಿಂಗ್ ರಾಡ್‌ಗಳನ್ನು ಹಿಂಸಿಸುವ ಗರಿಷ್ಠ ತಿರುಗುಬಲ ಹೆಚ್ಚೇನೂ ಏರಲಿಲ್ಲ. ಅಗ್ಗದ ಮ್ಯಾಪಿಂಗ್ ಮಾಡುವುದು ಇದರ ತದ್ವಿರುದ್ಧ. ಗಿರಾಕಿಗೆ ಬೆನ್ನಿಗೆ ಒದ್ದಂಥ ಅನುಭವ ಬೇಕು. ಅದು ಸಿಗುವುದು ಕಡಿಮೆ ವೇಗದಲ್ಲಿ ಎಣ್ಣೆ ಮತ್ತು ಟರ್ಬೋ ಒತ್ತಡಗಳೆರಡನ್ನೂ ಏರಿಸಿದಾಗ. ಬಿಡಿಭಾಗಗಳಿಗೆ ಅತಿ ಹೆಚ್ಚು ಪೆಟ್ಟು ಬೀಳುವುದೂ ಅಲ್ಲಿಯೇ.

ಬಾಳೆಹೊಸೂರಿನ ಮೇ ತಿಂಗಳು

“ಕಂಪನಿಯವರು ಬೇಕೆಂದೇ ಶಕ್ತಿ ಬಚ್ಚಿಟ್ಟಿರುತ್ತಾರೆ” ಎಂಬ ಮಾತನ್ನು ನೀವು ಕೇಳಿರಬಹುದು. ಅದು ಅರ್ಧ ಸತ್ಯ. ಉಳಿಸಿಟ್ಟಿರುವುದು ನಿಜ; ಆದರೆ ಯಾವುದಕ್ಕಾಗಿ? ಸಮುದ್ರಮಟ್ಟದಲ್ಲಿ, 15 ಡಿಗ್ರಿ ತಾಪದಲ್ಲಿ, ಒಂದು ಘನ ಮೀಟರ್ ಗಾಳಿ 1.225 ಕಿಲೋಗ್ರಾಂ ತೂಗುತ್ತದೆ. ಗದಗ ಸುಮಾರು 650 ಮೀಟರ್ ಎತ್ತರದಲ್ಲಿದೆ. ಆ ಎತ್ತರದಲ್ಲಿ, 40 ಡಿಗ್ರಿಯ ಮಧ್ಯಾಹ್ನ, ಅದೇ ಘನ ಮೀಟರ್ ಗಾಳಿಯ ತೂಕ ಸುಮಾರು 1.04 ಕಿಲೋಗ್ರಾಂ. ಆದರ್ಶ ಅನಿಲದ ಸಮೀಕರಣ ಬಲ್ಲವರು ಪರೀಕ್ಷಿಸಿ ನೋಡಬಹುದು. ಶೇಕಡ 15ರಷ್ಟು ಗಾಳಿ ಆಗಲೇ ಕಡಿಮೆ! ಅಷ್ಟೇ ಗಾಳಿ ತುಂಬಿಸಲು ಟರ್ಬೋ ಇನ್ನೂ ವೇಗವಾಗಿ ತಿರುಗಬೇಕು. ಒಳಗೆ ಐದು ಜನ, ಪೆಟ್ಟಿಗೆಗಳು, ತಂಪು ಯಂತ್ರ. ಎಂಜಿನ್ನಿನ ಎಣ್ಣೆ ಬದಲಿಸುವ ಅವಧಿ ಒಂದಿಷ್ಟು ಮೀರಿದೆ. ಡೀಸೆಲ್ಲಿನ ಗುಣಮಟ್ಟ ಎಲ್ಲ ಕಡೆ ಒಂದೇ ಇಲ್ಲ. ಉಳಿಸಿಟ್ಟ ಶಕ್ತಿ ಇರುವುದು ಇಂಥ ದಿನಕ್ಕಾಗಿ. ನಮ್ಮ ಸೀಮೆಯ ಹಿರಿಯರು ನೆಲದೊಳಗಿನ ಹಗೇವಿನಲ್ಲಿ ಜೋಳ ಉಳಿಸುತ್ತಿದ್ದುದು ಮಳೆ ಕೈಕೊಟ್ಟ ವರ್ಷಕ್ಕಾಗಿ. ಸುಗ್ಗಿಯಲ್ಲೇ ಹಗೇವು ಬರಿದು ಮಾಡಿದವನನ್ನು ಯಾರೂ ಜಾಣನೆನ್ನಲಿಲ್ಲ.

ಹಾಗೆಂದು ನಕ್ಷೆಯನ್ನು ಮುಟ್ಟಲೇಬಾರದೇ? ತಾಂತ್ರಿಕವಾಗಿ ಹಾಗೇನಿಲ್ಲ. ಒಂದೇ ಎಂಜಿನ್ನನ್ನು ಬೇರೆ ಬೇರೆ ಶಕ್ತಿಗೆ ಹೊಂದಿಸಿ ಮಾರುವುದು ಕಂಪನಿಗಳದೇ ವಾಡಿಕೆ. ಎಚ್ಚರದಿಂದ ಮಾಡುವವರ ಕ್ರಮ ಹೀಗಿರುತ್ತದೆ. ಮೊದಲು ಎಂಜಿನ್ ಆರೋಗ್ಯವಾಗಿದೆಯೇ ಎಂದು ಪರೀಕ್ಷಿಸುತ್ತಾರೆ. ಚಕ್ರಗಳನ್ನು ಉರುಳೆಗಳ ಮೇಲೆ ನಿಲ್ಲಿಸಿ ಶಕ್ತಿ ಅಳೆಯುವ ಡೈನಮೋಮೀಟರಿನಲ್ಲಿ ಇದ್ದ ಶಕ್ತಿಯನ್ನು ದಾಖಲಿಸುತ್ತಾರೆ. ಮೂಲ ನಕ್ಷೆಯ ಪ್ರತಿಯನ್ನು ಕಾಪಾಡುತ್ತಾರೆ. ಸ್ವಲ್ಪ ಸ್ವಲ್ಪವಾಗಿ ಏರಿಸಿ, ಪ್ರತಿ ಹೆಜ್ಜೆಗೂ ಗಾಳಿಯ ಪ್ರಮಾಣ, ಟರ್ಬೋ ಒತ್ತಡ, ನಿಷ್ಕಾಸದ ತಾಪಗಳನ್ನು ಬರೆದಿಡುತ್ತಾರೆ. ಹೊಗೆ, ತಾಪ, ತಿರುಗುಬಲಗಳ ಕಾವಲು ನಕ್ಷೆಗಳನ್ನು ಕಿತ್ತೆಸೆಯುವುದಿಲ್ಲ. ಕಡಿಮೆ ವೇಗದ ಒದೆತಕ್ಕಿಂತ ಮೇಲಿನ ವೇಗದ ನಿರಂತರತೆಗೆ ಬೆಲೆ ಕೊಡುತ್ತಾರೆ. ಕೊನೆಗೆ ಬಿಸಿಲಿನಲ್ಲಿ, ಪೂರ್ಣ ಹೊರೆಯಲ್ಲಿ ಓಡಿಸಿ ನೋಡುತ್ತಾರೆ. ಆಮೇಲೆ ಎಂಜಿನ್ ಎಣ್ಣೆಯನ್ನು ಬೇಗ ಬದಲಿಸುವ ಜವಾಬ್ದಾರಿ ಮಾಲೀಕನದು.

ತಂತ್ರದ ಆಚೆಗೆ ಕಾನೂನೂ ಇದೆ. ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ್ದಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮದ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಸೋಸುಕವಿದೆ. ಎಣ್ಣೆ ಹೆಚ್ಚಿಸಿದರೆ ಅದು ಬೇಗ ಕಟ್ಟಿಕೊಳ್ಳುತ್ತದೆ. ಆಗ ಕೆಲವರು ಸೋಸುಕವನ್ನೇ ಕಿತ್ತುಹಾಕುತ್ತಾರೆ. ಆ ಮಸಿಯನ್ನು ಉಸಿರಾಡುವವರು ರಸ್ತೆಬದಿಯಲ್ಲಿ ಬಸ್ಸಿಗೆ ಕಾಯುವ ನೀವು.

ನಕ್ಷೆಯನ್ನು ತಪ್ಪು ಕೆಲಸಕ್ಕೆ ಬಳಸುವವರು ಸಣ್ಣ ಅಂಗಡಿಯವರು ಮಾತ್ರ ಎಂದುಕೊಳ್ಳಬೇಡಿ. ಪರೀಕ್ಷೆ ನಡೆಯುತ್ತಿದೆಯೆಂದು ಗುರುತಿಸಿ ಆಗ ಮಾತ್ರ ಹೊಗೆಯನ್ನು ತಗ್ಗಿಸುವ ತಂತ್ರಾಂಶವನ್ನು ಫೋಕ್ಸ್‌ವ್ಯಾಗನ್ ಕಂಪನಿ ಅಡಗಿಸಿಟ್ಟಿದ್ದುದು 2015ರ ಸೆಪ್ಟೆಂಬರಿನಲ್ಲಿ ಬಯಲಾಯಿತು. ಜಗತ್ತಿನಾದ್ಯಂತ ಅಂಥ ಸುಮಾರು 1.1 ಕೋಟಿ ವಾಹನಗಳಿದ್ದವು. ಭಾರತದಲ್ಲಿಯೂ ಮೂರು ಲಕ್ಷಕ್ಕೂ ಹೆಚ್ಚು ಕಾರುಗಳ ತಂತ್ರಾಂಶ ತಿದ್ದಲು ಕಂಪನಿ ಮುಂದಾಗಬೇಕಾಯಿತು. ಸೀಸದ ಮೊಹರು ಮುರಿದಿದ್ದರೆ ಕಣ್ಣಿಗೆ ಕಾಣುತ್ತದೆ. ನಕ್ಷೆಯನ್ನು ತಿದ್ದಿದ್ದರೆ ಬರಿಗಣ್ಣಿಗೆ ಕಾಣುವುದಿಲ್ಲ.

ಬರೆದಿಡದ ಲೆಕ್ಕ

ಮತ್ತೆ ಆ ಮಧ್ಯಾಹ್ನಕ್ಕೆ ಬರೋಣ. ಟರ್ಬೋ ಕೆಟ್ಟದ್ದು ಮ್ಯಾಪಿಂಗ್‌ನಿಂದಲೇ ಎಂದು ನಾನು ಹೇಳಲಾರೆ. ಹಳೆಯ ಎಣ್ಣೆಯೂ ಕಾರಣವಿದ್ದೀತು. ಬೇರಿಂಗ್ ಮೊದಲೇ ಸವೆದಿದ್ದೀತು. “ಒತ್ತಡ ಎಷ್ಟು ಏರಿಸಿದ್ದಾರಪ್ಪ? ಎಣ್ಣೆ ಎಷ್ಟು ಹೆಚ್ಚಿಸಿದ್ದಾರೆ?” ಎಂದು ಚಾಲಕನನ್ನು ಕೇಳಿದೆ. ಆತನಿಗೆ ತಿಳಿದಿರಲಿಲ್ಲ. ಮಾಡಿಕೊಟ್ಟ ಅಂಗಡಿಯವರು ಹಣ ಪಡೆದ ಚೀಟಿಯ ಹೊರತು ಒಂದು ಅಂಕಿಯನ್ನೂ ಬರೆದುಕೊಟ್ಟಿರಲಿಲ್ಲ. ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂಬುದೇ ಇಲ್ಲದ ಮೇಲೆ ಕಾರಣ ಹುಡುಕುವುದು ಎಲ್ಲಿಂದ? ರಿಪೇರಿಯ ಖರ್ಚು ಆತನ ಎರಡು ತಿಂಗಳ ಸಾಲದ ಕಂತಿಗಿಂತ ಹೆಚ್ಚಾಯಿತು. ಆ ಕಾರೇ ಆತನ ಮನೆಯ ದುಡಿಮೆ.

ನಿಮ್ಮ ಪ್ರಯೋಗಶಾಲೆಯಲ್ಲಿ ಮೇಷ್ಟ್ರು ಪ್ರತಿ ವಾಚನವನ್ನೂ ಬರೆದಿಡಿ ಎಂದು ಒತ್ತಾಯಿಸುತ್ತಾರಲ್ಲ, ಅದು ಅಂಕಗಳಿಗಾಗಿ ಎಂದು ನಾನೂ ಓದುವ ದಿನಗಳಲ್ಲಿ ಭಾವಿಸಿದ್ದೆ. ರೈಲ್ವೆಯ ಎಂಜಿನಿಯರುಗಳಿಗೆ 3100ರಲ್ಲಿ ನಿಲ್ಲಬೇಕೆಂದು ತಿಳಿದದ್ದು ಅಂಥ ವಾಚನಗಳಿಂದ. ಬೇರೆ ಬಿಡಿಭಾಗಗಳು ಸಿದ್ಧವಾದ ಮೇಲೆ, 2003ರಲ್ಲಿ, ಅವರು 3300ಕ್ಕೂ ಹೋದರು. ನಾಳೆ ನಿಮ್ಮಲ್ಲಿ ಕೆಲವರು ಗ್ಯಾರೇಜು ತೆರೆಯಬಹುದು, ಕೆಲವರು ಬೆಂಗಳೂರಿನಲ್ಲಿ ಕುಳಿತು ಎಂಜಿನ್ನುಗಳ ತಂತ್ರಾಂಶ ಬರೆಯಬಹುದು. ಯಾರದೋ ವಾಹನದ ನಕ್ಷೆ ನಿಮ್ಮ ಕೈಗೆ ಬಂದಾಗ, ಇದ್ದದ್ದು ಇಷ್ಟು, ಬದಲಿಸಿದ್ದು ಇಷ್ಟು, ಅಳೆದದ್ದು ಇಷ್ಟು ಎಂದು ಒಂದು ಹಾಳೆಯಲ್ಲಿ ಬರೆದು, ರುಜು ಹಾಕಿ, ವಾಹನದ ಯಜಮಾನನ ಕೈಗೆ ಕೊಡಿ.

ನಮ್ಮ ಚಾಲಕ ಹೊಸ ಟರ್ಬೋ ಹಾಕಿಸಿದ ಮೇಲೆ ಮೂಲ ನಕ್ಷೆಯನ್ನೇ ತುಂಬಿಸಿಕೊಂಡ. ಮುಂದಿನ ಚಿತ್ರೀಕರಣಕ್ಕೂ ಅವನ ಕಾರನ್ನೇ ಕರೆದೆವು. ಕಾರು ಮೊದಲಿನಷ್ಟು ಹಾರುತ್ತಿರಲಿಲ್ಲ. ಆದರೆ ಸಂಜೆಗೆ ನಮ್ಮೆಲ್ಲರನ್ನೂ ಸುರಕ್ಷಿತವಾಗಿ ಊರು ಮುಟ್ಟಿಸಿತು.